ಹಾಲಮ್ಮನ ಬಿಳಿಗೋಡೆ

ಮದುವೆಯಾಗಿ ಈ ಮನೆಯ ಹೊಸ್ತಿಲು ದಾಟಿದ ದಿನ ನಾನು ಪೂರ್ತಿ ಉಸಿರು ಬಿಟ್ಟುಬಿಟ್ಟೆ. ಅದರ ಗುರುತು ಮೊನ್ನೆಮೊನ್ನೆಯವರೆಗೂ ಬಾಗಿಲ ಬಲಗಡೆಯ ಬಿಳಿಗೋಡೆಯ ಮೇಲೆ ಇತ್ತು. ರೊಟ್ಟಿಯಷ್ಟು ಅಗಲ, ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ಬಣ್ಣ. ಅಕ್ಕಿ ತುಂಬಿದ ಸೇರು ಹೊಸ್ತಿಲ ಮೇಲೆ ಕಾಯುತ್ತಿತ್ತು. ಅದನ್ನು ಒದೆಯುವ ಮೊದಲು ಸೊಸೆಯಾದವಳು ಗೋಡೆಗೆ ಒಂದು ಸಲ ಊದಬೇಕು. ಅಮ್ಮ ಎಷ್ಟೋ ಸಲ ಹೇಳಿಕೊಟ್ಟಿದ್ದಳು, ಗಂಟಲಿನ ಮೇಲಿನದ್ದಷ್ಟೇ ಬಿಡು, ಕನ್ನಡಿಯ ಧೂಳು ಹಾರಿಸುವ ಹಾಗೆ. ಹುಡುಗನ ಕಡೆಯವರು ನೋಡಲು ಬಂದಾಗ ಹಾಗೆಯೇ ಮಾಡಿ ಗೆದ್ದಿದ್ದೆ. ಆದರೆ ಅವತ್ತು ಬೆಳಗಿನಿಂದ ಮೈ ಬಿಗಿಹಿಡಿದುಕೊಂಡೇ ಇದ್ದವಳಿಗೆ ಗಂಡ ಕೊಟ್ರೇಶ ಕಿವಿಯ ಹತ್ತಿರ ಏನೋ ತಮಾಷೆ ಹೇಳಿದ, ನಗು ಬಂತು, ನಗುವಿನ ಬೆನ್ನಿಗೇ ಎದೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಸುತ್ತ ನಿಂತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತೆ ಹಾಲಮ್ಮ ಗುರುತನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಮಂಡಕ್ಕಿ ಭಟ್ಟಿಯೋರ ಮಗಳಲ್ಲೇನು” ಎಂದರು. ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಅವರು ಬೈಯಲಿಲ್ಲ.

ವರ್ಷಕ್ಕೊಮ್ಮೆ ಸುಣ್ಣ ಬಳಿಯಲು ರುದ್ರಪ್ಪ ಬರುತ್ತಿದ್ದ. ಬಂದು ಹೋದ ನೆಂಟರ ಗುರುತುಗಳ ಮೇಲೆಲ್ಲ ಕುಂಚ ಆಡಿಸಿ ನನ್ನದರ ಹತ್ತಿರ ಬಂದಾಗ ಕೈ ನಿಲ್ಲಿಸಿ ಅತ್ತೆಯ ಮುಖ ನೋಡುತ್ತಿದ್ದ. “ಅದೊಂದು ಇರ್ಲಿ” ಎನ್ನುತ್ತಿದ್ದರು ಅವರು. ಅವನು ಅದರ ಅಂಚು ಕೆಡದ ಹಾಗೆ, ದೇವರ ಪಟದ ಸುತ್ತ ಬಳಿದಷ್ಟು ಜೋಪಾನವಾಗಿ ಬಳಿದು ಹೋಗುತ್ತಿದ್ದ. ಹೀಗೆ ವರ್ಷ ಕಳೆದ ಹಾಗೆ ಸುತ್ತಲಿನ ಸುಣ್ಣ ದಪ್ಪಗಾಗಿ ನನ್ನ ಗುರುತು ಗೋಡೆಯೊಳಗಿನ ಒಂದು ತಗ್ಗಿನಂತೆ ಕಾಣತೊಡಗಿತು. ಮನೆಗೆ ಬಂದವರೆಲ್ಲ ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ಕಾಫಿ ತಂದ ನನ್ನನ್ನು.

ನಮ್ಮೂರಲ್ಲಿ ಉಸಿರು ಬಿಳಿಯದರ ಮೇಲೆ ಕೂರುತ್ತದೆ. ಹಾಗಾಗಿ ನಾವು ಮದುಮಗಳಿಗೆ ತಿಳಿ ಬಣ್ಣದ ಸೀರೆ ಉಡಿಸುವುದಿಲ್ಲ, ಶಾಲೆಯ ಗೋಡೆಗಳಿಗೆ ಡಾಂಬರು ಬಳಿದಿದ್ದೇವೆ, ಕ್ಷೌರದ ಶಿವಣ್ಣ ಬಿಳಿ ಬಟ್ಟೆ ಹೊದಿಸಿದ ಮೇಲೆ ಕತ್ತರಿಯ ಜೊತೆ ತನ್ನ ಉಸಿರನ್ನೂ ಬಿಗಿಹಿಡಿಯುತ್ತಾನೆ. ಬಿಳಿ ಜುಬ್ಬಾ ತೊಟ್ಟು ಭಾಷಣಕ್ಕೆ ಬರುವ ಮುಖಂಡರ ಬೆನ್ನ ಹಿಂದೆ ನಿಲ್ಲಲು ಯಾರೂ ಒಪ್ಪುವುದಿಲ್ಲ. ಸತ್ತವರಿಗೆ ಬಿಳಿ ಬಟ್ಟೆ ಹೊದಿಸುವ ಮೊದಲು ಉಸಿರು ಪೂರ್ತಿ ನಿಂತಿದೆಯೋ ಎಂದು ಇಬ್ಬರು ನೋಡುತ್ತಾರೆ, ಏಕೆಂದರೆ ಕೊನೆಯದೊಂದು ತಡವಾಗಿ ಬಂದರೆ ಮನೆತನಕ್ಕೇ ಮಾತು. ಪ್ರತಿ ಮನೆಯ ಬಾಗಿಲ ಪಕ್ಕ, ಬೀದಿಗೂ ಪಡಸಾಲೆಗೂ ಕಾಣುವ ಹಾಗೆ, ಆಳೆತ್ತರದ ಒಂದು ಬಿಳಿಗೋಡೆ. ಒಳಗೆ ಬರುವವರು ಕಾಲು ತೊಳೆದು ಅದಕ್ಕೊಂದು ಊದಿ ಬರಬೇಕು. ಬೀಡಿ ಸೇದುವವನ ಗುರುತು ಬೇರೆ, ಸುಮ್ಮನೆ ನೆಗಡಿಯಾದವನದ್ದು ಬೇರೆ, ಮಕ್ಕಳದ್ದು ನೀರು ಆರಿದ ಕಲೆಯಷ್ಟೂ ಕಾಣುವುದಿಲ್ಲ. ಇದರಿಂದ ಊರು ಶುದ್ಧವಾಗಿರುತ್ತದೆ ಎಂದು ಹಿರಿಯರು ನಂಬಿದ್ದರು. ಆದದ್ದು ಇಷ್ಟು: ಎಲ್ಲರೂ ಗಂಟಲಿನಿಂದ ಉಸಿರಾಡುವುದನ್ನು ಕಲಿತರು. ಜೋರಾಗಿ ನಗುವವರಿಲ್ಲ, ಓಡುವವರಿಲ್ಲ, ಮೆಟ್ಟಿಲಿನ ಮನೆಗೆ ಹೋಗುವವರು ಕೆಳಗೆ ನಿಂತು ಸುಧಾರಿಸಿಕೊಂಡೇ ಹತ್ತುವವರು. ಅಡುಗೆಮನೆಯ ಕಿಟಕಿಗಳನ್ನು ಹಲಗೆ ಬಡಿದು ಮುಚ್ಚಿದ್ದರು. ಹೊಗೆ ಹೊರಗೆ ಹೋಗಿ ಬಿಳಿಗೋಡೆಗೆ ತಾಗಬಾರದಲ್ಲ.

ಈ ಊರಿನಲ್ಲಿ ಹಾಲಮ್ಮನೆಂದರೆ ಹಾಲಮ್ಮ. ಅವರು ಎಷ್ಟು ಹತ್ತಿರ ನಿಂತು ಊದಿದರೂ ಗೋಡೆ ಹಾಗೆಯೇ ಇರುತ್ತಿತ್ತು. ಸಂಬಂಧ ಕುದುರಿಸುವ ಮನೆಗಳಿಂದ ಅವರಿಗೆ ಕರೆ ಬರುತ್ತಿತ್ತು. ಹುಡುಗಿ ಊದಿದ ಗುರುತನ್ನು ಬಗ್ಗಿ ನೋಡಿ, ಬೆರಳ ತುದಿಯಲ್ಲಿ ಒಮ್ಮೆ ಮುಟ್ಟಿ, ಹೂಂ ಅಥವಾ ಉಹೂಂ ಎಂದಷ್ಟೇ ಹೇಳಿ ಎಲೆಯಡಿಕೆ ತೆಗೆದುಕೊಂಡು ಬರುತ್ತಿದ್ದರು. ಸಂತೆಬೀದಿಯ ಅಂಬುಜಾಕ್ಷಿಗೆ ಹೀಗೊಂದು ಉಹೂಂ ಬಿದ್ದಿತ್ತು. ಅವಳು ಈಗ ಶಾಲೆಯಲ್ಲಿ ಟೀಚರು, ನಮ್ಮ ಬೀದಿಗೆ ಬರುವುದಿಲ್ಲ, ಬಂದರೂ ನಮ್ಮ ಮನೆಯ ಎದುರು ಬದಿಯಿಂದ ನಡೆಯುತ್ತಾಳೆ.

ಅತ್ತೆಗೆ ಮೊದಲು ಆಗದೆ ಹೋದದ್ದು ಮಾಳಿಗೆಗೆ ಸಂಡಿಗೆ ಒಯ್ಯುವುದು. ಅರ್ಧ ಮೆಟ್ಟಿಲಿನಲ್ಲಿ ನಿಂತು ಮೊರದಲ್ಲಿ ಏನೋ ಕಸ ಕಂಡಂತೆ ಆರಿಸುತ್ತಿದ್ದರು. ಆಮೇಲೆ ಅಂಗಳದಲ್ಲಿ ಎರಡು ಹೆಜ್ಜೆಗೊಮ್ಮೆ ಬಗ್ಗಿ ಕಡ್ಡಿ ಹೆಕ್ಕತೊಡಗಿದರು. ನಮ್ಮ ಅಂಗಳದಲ್ಲಿ ಅಷ್ಟು ಕಡ್ಡಿ ಇರಲಿಲ್ಲ. ಮಾತಾಡುವಾಗ ಒಂದು ವಾಕ್ಯ ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂರುತ್ತಿದ್ದರು. ಕೇಳಿದರೆ ಸೆಖೆ ಎನ್ನುತ್ತಿದ್ದರು. ಉಗುರಿನ ಬಣ್ಣ ನೇರಳೆ ಹಣ್ಣು ತಿಂದವರ ತುಟಿಯಂತಾದ ದಿನ ಕೊಟ್ರೇಶ ಹಟ ಮಾಡಿ ಆಸ್ಪತ್ರೆಗೆ ಹೊರಡಿಸಿದ. ಗಂಡುಮಕ್ಕಳ ಮುಂದೆ ಪರೀಕ್ಷೆ ಬೇಡ ಎಂದು ಅತ್ತೆ ಅವನನ್ನು ಹೊರಗೆ ನಿಲ್ಲಿಸಿ ನನ್ನನ್ನು ಮಾತ್ರ ಒಳಗೆ ಕರೆದುಕೊಂಡರು.

ಡಾಕ್ಟರು ಬೇರೆ ಊರಿನಿಂದ ವರ್ಗವಾಗಿ ಬಂದ ಹೆಂಗಸು. ಅವರ ಬಿಳಿ ಕೋಟಿನ ಎದೆಯ ಮೇಲೆ ರೋಗಿಗಳು ಕೆಮ್ಮಿದ ಗುರುತುಗಳು ಒಂದರ ಮೇಲೊಂದು ಬಿದ್ದು ಮೋಡ ಕವಿದ ಹಾಗಿತ್ತು. ಅದನ್ನು ಅವರು ಮುಚ್ಚಿಕೊಳ್ಳುತ್ತಿರಲಿಲ್ಲ. ಒಂದು ಕೊಳವೆಯ ಬಾಯಿಗೆ ಬಿಳಿ ಕಾಗದದ ಸುರುಳಿ ಸಿಕ್ಕಿಸಿ, ಎಷ್ಟಾಗುತ್ತೋ ಅಷ್ಟೂ ಊದಿ ಎಂದರು. ಅತ್ತೆ ಗಂಟಲಿನಿಂದ ಊದಿದರು. ಕೊಳವೆಯ ಮೇಲಿದ್ದ ಅಳತೆಯ ಮುಳ್ಳು ಅಲ್ಲಾಡಲಿಲ್ಲ. ಡಾಕ್ಟರು ಬೆನ್ನ ಮೇಲೆ ಒಂದು ಕೈ, ಹೊಟ್ಟೆಯ ಮೇಲೆ ಒಂದು ಕೈ ಇಟ್ಟು ಒತ್ತಿದರು. ಮುಳ್ಳು ಸ್ವಲ್ಪ ಮೇಲೆ ಹೋಯಿತು. ಅತ್ತೆ ಬಾಯಿಂದ ತೆಗೆದಾಗ ಸುರುಳಿಯ ಒಳಗೆಲ್ಲ ಹಂಚಿನ ತಳದ ಕಪ್ಪು. ನಾನು ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು. ತಕ್ಷಣ ಅದನ್ನು ಮುಷ್ಟಿಯಲ್ಲಿ ಹಿಚುಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಗ ನನಗೆ ಖುಷಿಯಾಯಿತು. ಈಗಲೂ ಈ ಮಾತು ಬರೆಯುವಾಗ ಮುಖ ಬಿಸಿಯಾಗುತ್ತದೆ. ಉಸಿರಿಲ್ಲದೆ ಪರೀಕ್ಷೆಯ ಮಂಚ ಹಿಡಿದು ನಿಂತಿದ್ದ ಮುದುಕಿಯ ಎದುರು, ಹಬ್ಬದ ದಿನ ಹೊಸ ಬಟ್ಟೆ ಸಿಕ್ಕವಳ ಹಾಗೆ ನನ್ನ ಎದೆ ಅರಳಿತು. ಅದರ ಹಿಂದೆಯೇ ನಾಚಿಕೆಯೂ ಬಂತು. ಆದರೆ ಖುಷಿ ಮೊದಲು ಬಂದಿತ್ತು.

“ಅಮ್ಮಾ, ನಿಮಗೆ ಒಳಗೆ ಹೋಗೋ ಉಸಿರು ಸಾಲದೆ ಈ ತೊಂದರೆ ಅಲ್ಲ,” ಎಂದರು ಡಾಕ್ಟರು. “ಹಳೇದು ಹೊರಗೇ ಹೋಗ್ತಿಲ್ಲ. ಅದು ಜಾಗ ಬಿಡದೆ ಹೊಸದು ಎಲ್ಲಿ ಕೂರಬೇಕು?” ಸೇದಿಕೊಳ್ಳುವ ಔಷಧಿ ಕೊಟ್ಟರು. ಅದರ ಜೊತೆ ಮಾಡಬೇಕಾದ್ದನ್ನೂ ಹೇಳಿದರು. ಬೆನ್ನು ನೇರ ಮಾಡಿ ಕೂರಬೇಕು, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಅದು ಉಬ್ಬುವ ಹಾಗೆ ಮೂಗಿನಿಂದ ಎಳೆದುಕೊಳ್ಳಬೇಕು, ಆಮೇಲೆ ತುಟಿ ಕೂಡಿಸಿ ಬಿಸಿ ಹಾಲು ಆರಿಸುವವರ ಹಾಗೆ ನಿಧಾನವಾಗಿ, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಕು. ಅಡುಗೆಮನೆಯ ಕಿಟಕಿ ತೆಗೆಯಬೇಕು. ಬಾಗಿಲು ಹಾಕಿಕೊಂಡು ಲೋಬಾನದ ಹೊಗೆ, ಸೊಳ್ಳೆಬತ್ತಿ ಹಾಕಬಾರದು. ಗುಡಿಸುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ದಿನಾ ಆದಷ್ಟು ನಡೆಯಬೇಕು, ದಣಿವಾದರೆ ನಿಂತು ಮತ್ತೆ ನಡೆಯಬೇಕು. ಅತ್ತೆ ಎಲ್ಲಕ್ಕೂ ತಲೆಯಾಡಿಸಿ ಒಂದೇ ಒಂದು ಪ್ರಶ್ನೆ ಕೇಳಿದರು. ಪೂರ್ತಿ ಬಿಡಲೇಬೇಕೇ? ಬಿಡದಿದ್ದರೆ ಇನ್ನೊಂದು ಚಳಿಗಾಲ ಕಷ್ಟ ಎಂದರು ಡಾಕ್ಟರು.

ದಾರಿಯುದ್ದಕ್ಕೂ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಅದು ಈಗ ತೆರೆಯುತ್ತದೆ, ಈಗ ಮಗನಿಗೆ ಹೇಳುತ್ತದೆ ಎಂಬಂತೆ. ನಾನು ಹೇಳಲಿಲ್ಲ. ಒಳ್ಳೆಯತನದಿಂದಲೇ ಹೇಳಲಿಲ್ಲ ಎನ್ನುವ ಧೈರ್ಯ ನನಗಿಲ್ಲ. ನನ್ನ ಕೈಯಲ್ಲಿ ಅಂಥದ್ದೊಂದು ಇದೆ ಎನ್ನುವುದೇ ಹಿತವಾಗಿತ್ತು.

ಔಷಧಿ ಸೇದಿಕೊಂಡರು, ಊದುವುದನ್ನು ಮಾತ್ರ ಮಾಡಲಿಲ್ಲ. ಅಡುಗೆಮನೆಯ ಗೋಡೆ ಮೊದಲೇ ಮಸಿಗಟ್ಟಿದೆ, ಅಲ್ಲಿ ಕೂತು ಮಾಡಿದರೆ ಯಾರಿಗೂ ಕಾಣುವುದಿಲ್ಲ ಎಂದು ನಾನೇ ಹೇಳಿದೆ. ಅವರು ಒಪ್ಪಲಿಲ್ಲ. ಅವರ ಮಗಳು ನಾಗವೇಣಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಂಥ ದಿನ ಹುಡುಗಿಗಿಂತ ಮೊದಲು ಮನೆಯ ಹಿರಿಯಳು ಗೋಡೆಗೆ ಊದಬೇಕು, ಹುಡುಗಿಗೆ ಅದೇ ಜಾಮೀನು. “ಒಂದ್ಸಲ ಪೂರ್ತಿ ಬಿಟ್ಟು ರೂಢಿ ಆದ್ರೆ, ಆಮೇಲೆ ಅರ್ಧಕ್ಕೆ ಹಿಡಿಯೋಕೆ ಬರಲ್ಲ ಕಣೆ ದಾಕ್ಷಿ,” ಎಂದರು ಅತ್ತೆ. ನನ್ನನ್ನು ಮೊದಲ ಸಲ ಹೆಸರು ಹಿಡಿದು ಕರೆದದ್ದು ಆಗಲೇ ಇರಬೇಕು. ವೇಣಿಯದ್ದು ಒಂದು ಕುದುರಲಿ, ಆಮೇಲೆ ಎಷ್ಟು ಬೇಕಾದರೂ ಊದುತ್ತೇನೆ ಎಂದರು. ಗಂಡಿನ ಕಡೆಯವರು ಒಳ್ಳೆಯ ದಿನ ಹುಡುಕುತ್ತ ಹುಡುಕುತ್ತ ಮುಂದೆ ಹಾಕಿದರು. ಇಲ್ಲಿ ಅತ್ತೆ ಊಟದ ನಡುವೆ ತುತ್ತು ಇಳಿಸಿ ಸುಧಾರಿಸಿಕೊಳ್ಳುವಂತಾದರು. ನಾಗವೇಣಿ ಒಂದು ದಿನ ಹಿತ್ತಲಲ್ಲಿ ನನ್ನ ಹತ್ತಿರ ಬಂದು, ಅತ್ತಿಗೆ, ಅಮ್ಮ ಹಿಂಗೇ ಇದ್ರೆ ನನ್ನ ಮದುವೆಗೆ ಇರ್ತಾಳಾ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿತ್ತು. ಒಗೆದ ಬಟ್ಟೆ ಹಿಂಡುತ್ತ ನಿಂತೆ.

ಗಂಡಿನ ಕಡೆಯವರು ಬಂದ ದಿನ ಬಿಳಿಗೋಡೆ ಹಾಲಿನಂತಿತ್ತು. ಹಿಂದಿನ ವಾರ ರುದ್ರಪ್ಪ ಬಂದು ಹೋಗಿದ್ದ. ಇದನ್ನೂ ಬಳಿಸೋಣ ಅಮ್ಮ, ಬರೋರು ಏನಂದ್ಕಂತಾರೆ ಎಂದು ಕೊಟ್ರೇಶ ನನ್ನ ಗುರುತು ತೋರಿಸಿ ಹೇಳಿದ್ದಕ್ಕೆ ಅತ್ತೆ, ಅದಿದ್ರೇನೆ ಉಳಿದಿದ್ದು ಬೆಳ್ಳಗೆ ಕಾಣೋದು ಎಂದಿದ್ದರು. ಹುಡುಗನ ತಾಯಿ ಶಾಂತವೀರಮ್ಮ ದಪ್ಪನೆಯ ಹೆಂಗಸು, ಜರಿಯಂಚಿನ ಕಂದು ಸೀರೆ. ನಮ್ಮ ಜಗಲಿ ಹತ್ತಿದ ಮೇಲೆ ಮಾತಾಡದೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ತುಸು ಹೊತ್ತು ನಿಂತರು, ಸೆಖೆ ಸೆಖೆ ಎಂದರು. ಆಮೇಲೆ ಗೋಡೆಗೆ ಪುಸಕ್ ಎಂದು ಚೂರು ಊದಿ ಒಳಗೆ ಬಂದು ಕುಳಿತರು. ಹುಡುಗ, ಅವನ ಮಾವ, ಬೀದಿಯ ನಾಲ್ಕಾರು ಹೆಂಗಸರು. ಹಾಲಮ್ಮನ ಮನೆಗೆ ಜಾಮೀನು ಯಾಕೆ ಎಂದು ಯಾರೋ ಅಂದರು, ಎಲ್ಲರೂ ಬಾಯಿ ಮುಚ್ಚಿ ನಕ್ಕರು.

ಅತ್ತೆ ಗೋಡೆಯ ಮುಂದೆ ನಿಂತರು. ಬೆಳಗಿನಿಂದ ಅವರ ಭುಜಗಳು ಕಿವಿಯ ಹತ್ತಿರವೇ ಇದ್ದವು. ಗಂಟಲಿನದ್ದೊಂದು ಬಿಡಬೇಕು, ಅಷ್ಟೇ. ಬಾಯಿ ತೆರೆದರು, ಬರಲಿಲ್ಲ. ಎಳೆದುಕೊಳ್ಳಲು ನೋಡಿದರು, ಒಳಗೆ ಜಾಗವಿರಲಿಲ್ಲ. ಭುಜ ಇನ್ನೂ ಮೇಲೆ ಹೋಯಿತು, ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು, ತುಟಿ ನೀಲಿಯಾಯಿತು. ಕೈ ಗೋಡೆಯನ್ನು ಹುಡುಕಿತು, ಗೋಡೆ ಮುಟ್ಟಬಾರದು ಎಂದು ನೆನಪಾಗಿ ಗಾಳಿಯಲ್ಲೇ ನಿಂತಿತು. ಅಷ್ಟು ಜನರಲ್ಲಿ ಒಬ್ಬರೂ ಏಳಲಿಲ್ಲ. ಎದ್ದರೆ ಏನೋ ಆಗುತ್ತಿದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಕೊಟ್ರೇಶ ಒಂದು ಹೆಜ್ಜೆ ಇಟ್ಟು ಬೀಗರಾಗುವವರ ಮುಖ ನೋಡಿ ನಿಂತ.

ನಾನು ಕಾಫಿ ತಟ್ಟೆ ಕೆಳಗಿಟ್ಟು ಹೋದೆ. ಬೆನ್ನ ಮೇಲೊಂದು, ಹೊಟ್ಟೆಯ ಮೇಲೊಂದು ಕೈ ಇಟ್ಟೆ. ಕಿವಿಯಲ್ಲಿ ಹೇಳಬೇಕೆಂದುಕೊಂಡಿದ್ದೆ, ಆದರೆ ಧ್ವನಿ ಎಲ್ಲರಿಗೂ ಕೇಳುವಷ್ಟು ಬಂತು.

“ಹಾಲು ಆರಿಸ್ರಿ, ಅತ್ತೆ.”

ಅವರು ತಿರುಗಿ ನೋಡಿದ ನೋಟವನ್ನು ಹೇಗೆ ಹೇಳಲಿ? ನಡುಬೀದಿಯಲ್ಲಿ ಸೆರಗು ಎಳೆದವಳನ್ನು ನೋಡುವ ಹಾಗಿತ್ತು. ಜೀವ ಉಳಿಸಲು ಹೇಳಿದೆನೇ, ಗೋಡೆಯ ಮೇಲೆ ನನ್ನ ಗುರುತಿಗೊಂದು ಜೊತೆ ಬೇಕಾಗಿ ಹೇಳಿದೆನೇ? ಎಷ್ಟು ಸಲ ಕೇಳಿಕೊಂಡರೂ ಎರಡರಲ್ಲಿ ಒಂದನ್ನು ಆರಿಸಲು ನನಗೆ ಆಗಿಲ್ಲ. ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ಅವರು ಗೋಡೆಯ ಕಡೆ ತಿರುಗಿ, ತುಟಿ ಕೂಡಿಸಿ, ಬಿಟ್ಟರು.

ಅದು ಬಂದೇ ಬಂತು. ಬಿಳಿ ಸುಣ್ಣದ ಮೇಲೆ ಮೊದಲು ಒಂದು ಬೊಟ್ಟಿನಷ್ಟು, ನೋಡನೋಡುತ್ತಿದ್ದ ಹಾಗೆ ಮೊರದಷ್ಟು. ನನ್ನದು ಅದರ ಪಕ್ಕದಲ್ಲಿ ತಿಳಿಯಾಗಿ ಕಂಡಿತು. ಇನ್ನೊಂದು ಸಲ ಎಳೆದುಕೊಂಡರು, ಈ ಸಲ ನನ್ನ ಅಂಗೈಯಡಿ ಅವರ ಹೊಟ್ಟೆ ಉಬ್ಬಿತು. ಮತ್ತೆ ಬಿಟ್ಟರು. ಕಪ್ಪು ಕೆಳಗೆ ಹರಿದು ಅವರ ಸೊಂಟದ ಎತ್ತರಕ್ಕೆ ಬಂತು. ಮತ್ತೆ. ತುಟಿಯ ನೀಲಿ ಇಳಿಯಿತು, ಭುಜ ಕಿವಿ ಬಿಟ್ಟು ತನ್ನ ಜಾಗಕ್ಕೆ ಬಂತು. ಅಷ್ಟು ಉದ್ದದ ಉಸಿರಿನ ಸದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಬಾಗಿಲ ಸಂದಿಯಲ್ಲಿ ಜರಿಸೀರೆ ಉಟ್ಟು ನಿಂತಿದ್ದ ನಾಗವೇಣಿ ಗೋಡೆ ನೋಡಲಿಲ್ಲ, ತಾಯಿಯ ಮುಖ ನೋಡುತ್ತಿದ್ದಳು.

ಗಂಡಿನ ಕಡೆಯವರು ಮರ್ಯಾದಸ್ಥರು. ಗೋಡೆಗೆ ಬೆನ್ನು ಮಾಡಿ ಕೂತು ಉಪ್ಪಿಟ್ಟು ತಿಂದರು, ಮಳೆ ಬೆಳೆ ಮಾತಾಡಿದರು, ಹುಡುಗಿಗೆ ಊದು ಎನ್ನಲಿಲ್ಲ. ಎರಡು ದಿನ ಬಿಟ್ಟು ಜಾತಕ ಕೂಡಿಬರಲಿಲ್ಲ ಎಂದು ಹೇಳಿಕಳಿಸಿದರು. ನಾವು ಜಾತಕ ಕೊಟ್ಟೇ ಇರಲಿಲ್ಲ.

ಕೊಟ್ರೇಶ ಅವರು ಬಂದು ಹೋದ ದಿನ ಸಂಜೆಯೇ ಬಕೆಟ್ಟಿನಲ್ಲಿ ಸುಣ್ಣ ನೆನೆಹಾಕಿದ್ದ. ಅದು ಅಲ್ಲೇ ಇತ್ತು. ಅತ್ತೆ ಸುಣ್ಣ ಬಳಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಪಡಸಾಲೆಗೇ ಬರಲಿಲ್ಲ. ನಮ್ಮ ಬಾಗಿಲ ಮುಂದೆ ಬೀದಿಯ ಹೆಂಗಸರ ನಡಿಗೆ ನಿಧಾನವಾಯಿತು. ಒಂದು ಬೆಳಿಗ್ಗೆ ಅಂಬುಜಾಕ್ಷಿ ಟೀಚರು ಕೂಡ ಈ ಬದಿಯಿಂದಲೇ ಹೋದಳು. ನಿಂತಳು, ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಅತ್ತೆ ಒಳಗಿನಿಂದ ಅಂದರು. ಅಡುಗೆಮನೆಯಲ್ಲಿ ಮಸಿಗೋಡೆಯ ಎದುರು ಮಣೆ ಹಾಕಿಕೊಂಡು ಕೂತು, ಯಾರೂ ಹೇಳದೆಯೇ, ಹೊಟ್ಟೆಯ ಮೇಲೆ ಕೈ ಇಟ್ಟು ಊದುವುದನ್ನು ಶುರುಮಾಡಿದ್ದರು. ಊದುವುದರ ನಡುವೆ ಒಂದೊಂದೇ ಮಾತು ಹೊರಬಿತ್ತು. ಅವರು ಸೊಸೆಯಾಗಿ ಹೊಸದಾಗಿ ಬಂದಾಗ ಕಿಟಕಿ ಮುಚ್ಚಿದ ಇದೇ ಅಡುಗೆಮನೆ, ಹಸಿ ಬೆರಣಿ. ಈಗಿಲ್ಲದ ನನ್ನ ಮಾವ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಬೀಡಿ ಸೇದುವವರು, ಹೊರಗೆ ಸೇದಿದರೆ ಜನ ನೋಡುತ್ತಾರೆಂದು. ಒಂದು ಬೆಳಿಗ್ಗೆ ಎದ್ದಾಗ ಅತ್ತೆಯ ದಿಂಬಿನ ಬಿಳಿ ಚೀಲ ಬೂದಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಒಲೆಗೆ ಹಾಕಿದರಂತೆ. ಅವತ್ತಿನಿಂದ ನಿದ್ದೆಯಲ್ಲೂ ಗಂಟಲಿನಿಂದಲೇ. ಊರಿನ ಹುಡುಗಿಯರನ್ನು ನೋಡಲು ಕರೆದಾಗೆಲ್ಲ ಹೋಗುತ್ತಿದ್ದದ್ದು ಯಾಕೆ ಗೊತ್ತಾ ಎಂದು ಕೇಳಿ ಅವರೇ ಹೇಳಿದರು, ಬೇರೆಯವರ ಗೋಡೆ ನೋಡುವವಳ ಗೋಡೆಯನ್ನು ಯಾರೂ ನೋಡುವುದಿಲ್ಲ. ನಾನು ಎದ್ದು ಕಿಟಕಿಗೆ ಬಡಿದಿದ್ದ ಹಲಗೆಯ ಮೊಳೆಗಳನ್ನು ಸುತ್ತಿಗೆಯ ಹಿಂಬದಿಯಿಂದ ಕೀಳತೊಡಗಿದೆ. ಕೂತು ಕೇಳುವುದು ಕಷ್ಟವಾಗಿತ್ತು. ನಾನೂ ಈ ಮನೆಗೆ ಬಂದ ಮೇಲೆ ಗಂಟಲಿನವಳೇ ಆಗಿದ್ದೆ ಎನ್ನುವುದು ಮೊಳೆ ಕೀಳುವಾಗ ಬಂದ ಏದುಸಿರಿನಲ್ಲಿ ಗೊತ್ತಾಯಿತು.

ಬೀದಿ ಮಲಗಿರುವ ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ಯಾರೋ ಬೆರಳಲ್ಲಿ ತಟ್ಟಿದರು. ತೆಗೆದರೆ ಶಾಂತವೀರಮ್ಮ. ಒಬ್ಬರೇ. ಮುಖಕ್ಕೆ ಸೆರಗು ಸುತ್ತಿಕೊಂಡಿದ್ದರು. ಇಲ್ಲೇ ಹಾದು ಹೋಗುತ್ತಿದ್ದೆ ಎಂದರು. ನಮ್ಮ ಹಿತ್ತಲಿನಿಂದ ಹಾದು ಎಲ್ಲಿಗೂ ಹೋಗಲು ಬರುವುದಿಲ್ಲ. ಅತ್ತೆ ಎದುರಿಗೆ ಇನ್ನೊಂದು ಮಣೆ ಹಾಕಿಸಿದರು. ಶಾಂತವೀರಮ್ಮ ಕುಳಿತು, ಸುಧಾರಿಸಿಕೊಂಡು, ನೆಲದ ಮೇಲೆ ಬೆರಳಲ್ಲಿ ಗೀರಿದರು.

“ಅವತ್ತು ಅದೇನೋ ಮಾಡಿದ್ರಲ್ಲ, ಹಾಲಮ್ಮಾರೆ,” ಎಂದರು ಕೊನೆಗೆ. “ಅದ್ರಿಂದ ಕಮ್ಮಿ ಆಗ್ತದಾ?”

“ಕಮ್ಮಿ ಅಂದ್ರೆ ಮಾಳಿಗೆ ಹತ್ತಾಕೆ ಆಗಲ್ಲ ಇನ್ನೂ. ಅಂಗಳದಾಗೆ ಕಡ್ಡಿ ಹೆಕ್ಕೋದು ಬಿಟ್ಟೀನಿ.”

ಶಾಂತವೀರಮ್ಮನಿಗೆ ಕಡ್ಡಿಯ ಮಾತು ಬಿಡಿಸಿ ಹೇಳಬೇಕಾಗಲಿಲ್ಲ. ಅವರ ಗಂಟಲಿನಿಂದ ನಗುವಿನಂಥದ್ದೊಂದು ಬಂತು. ಅತ್ತೆ ಅವರ ಅಂಗೈಯನ್ನು ಹಿಡಿದು ಅವರದೇ ಹೊಟ್ಟೆಯ ಮೇಲೆ ಇಟ್ಟರು. ಇಬ್ಬರು ಹೆಂಗಸರು ಮಸಿಗೋಡೆಗೆ ಮುಖ ಮಾಡಿ, ತುಟಿ ಕೂಡಿಸಿ, ಇಲ್ಲದ ಹಾಲನ್ನು ಆರಿಸುತ್ತ ಕುಳಿತರು. ಗೋಡೆ ಮೊದಲಿದ್ದಷ್ಟೇ ಕಪ್ಪಗಿತ್ತು. ತೆರೆದ ಕಿಟಕಿಯಿಂದ ಬಿಸಿಲು ಬಂದು ಇಬ್ಬರ ನಡುವೆ ಬಿದ್ದಿತ್ತು, ಅದರಲ್ಲಿ ಅವರ ಉಸಿರು ಸುತ್ತಿ ಸುತ್ತಿ ಹೊರಗೆ ಹೋಗುವುದು ನನಗೆ ಕಂಡಿತು.

ಹೊರಡುವಾಗ ಶಾಂತವೀರಮ್ಮ ಹಿತ್ತಲ ಮೆಟ್ಟಿಲಿನಲ್ಲಿ ನಿಂತರು. ಜಾತಕವನ್ನು ಇನ್ನೊಂದು ಕಡೆ ತೋರಿಸಿ ನೋಡುತ್ತೇವೆ, ಕೂಡಿದರೂ ಕೂಡಬಹುದು ಎಂದರು. ನಾಗವೇಣಿ ಬಚ್ಚಲ ಬಾಗಿಲಲ್ಲಿ ಕೊಡ ಹಿಡಿದು ಉಸಿರು ಕಟ್ಟಿಕೊಂಡು ನಿಂತಿದ್ದಳು. ಅತ್ತೆ ಅವಳ ಕಡೆ ಒಮ್ಮೆ ನೋಡಿದರು. ಅವರು ಹೂಂ ಎನ್ನಬೇಕೆಂದು ನಾನು ಕಾಯುತ್ತಿದ್ದೆ.

“ತೋರಿಸ್ರಿ. ಆದ್ರೆ ಬರೋವಾಗ ಮುಂಬಾಗಿಲಿಂದ ಬರ್ರಿ,” ಎಂದರು.

ಶಾಂತವೀರಮ್ಮ ಸೆರಗು ಸುತ್ತಿಕೊಂಡು ಹೋದರು. ಬರುತ್ತಾರೋ ಇಲ್ಲವೋ ಗೊತ್ತಿಲ್ಲ.

ಮರುದಿನ ಅತ್ತೆ ಪಡಸಾಲೆಗೆ ಬಂದರು. ಬಕೆಟ್ಟಿನ ಸುಣ್ಣ ಕೆನೆಗಟ್ಟಿತ್ತು. ಕೋಲಿನಿಂದ ಕದಡಿ, ಕುಂಚ ಹುಡುಕಿ ಕೈಗೆ ತೆಗೆದುಕೊಂಡರು. ರುದ್ರಪ್ಪನನ್ನು ಕರೆಸುತ್ತೇನೆ, ಧೂಳು ನಿನಗಾಗದು ಎಂದು ಕೊಟ್ರೇಶ ಅಂದದ್ದಕ್ಕೆ ಮೂಗಿಗೆ ಸೆರಗು ಕಟ್ಟಿಕೊಂಡರು, ಅಷ್ಟೇ. ಮೊರದಷ್ಟು ಅಗಲದ ತಮ್ಮ ಕಪ್ಪನ್ನು ದಾಟಿ ನನ್ನದರ ಮುಂದೆ ನಿಂತರು. ವರ್ಷವರ್ಷದ ಸುಣ್ಣದ ನಡುವೆ ಅದು ಎಷ್ಟು ತಗ್ಗಿನಲ್ಲಿತ್ತೆಂದರೆ ಒಂದು ಸಲ ಬಳಿದದ್ದು ಸಾಕಾಗಲಿಲ್ಲ. ಬಳಿದು, ಗೋಡೆಯಿಂದ ಮುಖ ತಿರುಗಿಸಿ ನಿಂತು ಊದಿದರು, ಮತ್ತೆ ಬಳಿದರು. ನಾನು ಕೈಯಿಂದ ಕುಂಚ ತೆಗೆದುಕೊಳ್ಳಲು ಹೋದೆ, ನಿಮ್ಮದನ್ನು ನಾನು ಬಳಿಯುತ್ತೇನೆ ಅತ್ತೆ, ಕೊಡಿ ಎಂದೆ.

ಅವರು ಕೊಡಲಿಲ್ಲ. ಕುಂಚವನ್ನು ಬಕೆಟ್ಟಿನ ಅಂಚಿಗೆ ಒರೆಸಿದರು.

“ನಂದು ಇರ್ಲಿ,” ಎಂದರು. “ಬರೋರು ನೋಡ್ಲಿ.”